ಬಾಡಿ ಕಟ್ಟದ ಕಂಪ್ಯೂಟರು

ನಮ್ಮ ಕಾಕಾ ಕಂಪ್ಯೂಟರಿನ ಸಾಮಾನುಗಳನ್ನು ಮೂಗಿನಿಂದ ಆರಿಸುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಬಿಜಾಪುರದ ಅಂಗಡಿಯಲ್ಲಿ ಅವರು ಹೊಸ ಮದರ್‌ಬೋರ್ಡನ್ನು ಡಬ್ಬಿಯಿಂದ ತೆಗೆದು, ಮೂಗಿಗೆ ಹಿಡಿದು, "ಇದು ಎಲ್ಲೋ ಒಮ್ಮೆ ಸುಟ್ಟೈತಿ, ಬ್ಯಾರೇದು ಕೊಡ್ರಿ" ಎನ್ನುವವರೆಗೆ ನಾನೂ ನಂಬುತ್ತಿರಲಿಲ್ಲ. ಅಂಗಡಿಯವನು ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ.

ಕಾಕಾ ಸರ್ಕಾರಿ ಬಸ್ಸಿನ ಡ್ರೈವರು. ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳ, ಸಿಂದಗಿ, ಇಂಡಿ ಎಂದು ಮೂವತ್ತು ವರ್ಷ ಸ್ಟೇರಿಂಗ್ ತಿರುಗಿಸಿದವರು. ಆಮೇಲೆ ಎಡಗಣ್ಣಿನ ದೃಷ್ಟಿ ಹೋಯಿತು. ಡಾಕ್ಟರು ಒಂದು ಸಾಲು ಬರೆದರು. ಮರುದಿನದಿಂದ ಕಾಕಾ ಡಿಪೋದ ಗೇಟಿನಲ್ಲಿ ಕುಳಿತು, ಬೇರೆಯವರು ಓಡಿಸುವ ಬಸ್ಸುಗಳ ನಂಬರು ಬರೆದುಕೊಳ್ಳುವ ಕೆಲಸಕ್ಕೆ ಹತ್ತಿದರು.

ಆಗ ನಾನು ಬಾಗೇವಾಡಿಯಲ್ಲೇ ಕಂಪ್ಯೂಟರ್ ತರಗತಿ ನಡೆಸುತ್ತಿದ್ದೆ. ಒಂದು ದಿನ, ಕಲಿಯುವವರು ಯಾರೂ ಇಲ್ಲದ ಹೊತ್ತಿನಲ್ಲಿ, ಕಾರ್ ರೇಸಿನ ಆಟದಲ್ಲಿ ಮುಳುಗಿದ್ದೆ. ಕಾಕಾ ಯಾವಾಗ ಬಂದು ಬೆನ್ನ ಹಿಂದೆ ನಿಂತರೋ ಗೊತ್ತಾಗಲಿಲ್ಲ.

"ಹಂಗ ಬ್ರೇಕ್ ಹೊಡದ್ರ ಲೈನರ್ ಸುಡತಾವ, ತಮ್ಮಾ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಇದಕ್ಕ ಲೈಸನ್ಸ್ ಕೇಳ್ತಾರೇನು?"

"ಇಲ್ಲ ಕಾಕಾ."

"ಕಣ್ಣು?"

"ಯಾರೂ ಕೇಳಂಗಿಲ್ಲ."

"ಹಂಗಾರ ನನಗೂ ಒಂದು ಕಟ್ಟಿಸಿ ಕೊಡು. ಇನ್ನೊಮ್ಮೆ ಸ್ಟೇರಿಂಗ್ ಹಿಡೀಬೇಕು ನಾ."

ಹೀಗೆ ನಾವು ಬಿಜಾಪುರಕ್ಕೆ ಹೋದದ್ದು. ಮೂಗಿನ ಪರೀಕ್ಷೆ ಮುಗಿದ ಮೇಲೆ, ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಡಬ್ಬಿಯ ಸರದಿ ಬಂತು. ಕಾಕಾ ಒಂದೊಂದು ಕೈಯಲ್ಲಿ ಒಂದೊಂದು ಡಬ್ಬಿ ಹಿಡಿದು ತೂಗಿದರು. "ಇದು ಹಗರ ಐತಿ. ಹೊಟ್ಟ್ಯಾಗ ಏನೂ ಇಲ್ಲ."

"ಎರಡರ ಮ್ಯಾಲೂ ನಾಕುನೂರು ವ್ಯಾಟ್ ಅಂತನ ಬರದೈತಲ್ರಿ" ಎಂದ ಅಂಗಡಿಯವನು.

"ಬರಿಯಾಕೇನು, ನಮ್ಮ ಬಸ್ಸಿನ ಮ್ಯಾಲೂ ವೇಗದೂತ ಅಂತ ಬರದಿತ್ತು. ಸ್ಕ್ರೂಡ್ರೈವರ್ ಕೊಡ್ರಿ."

ಬಿಚ್ಚಿ ನೋಡಿದರೆ, ತಾಮ್ರದ ಸುರುಳಿ ದಪ್ಪಗಿರಬೇಕಾದಲ್ಲಿ ನಾಲ್ಕು ಎಳೆ ತಂತಿ! ನಾನು ಹೌಹಾರಿದೆ. ಕಂಪ್ಯೂಟರ್ ಕಲಿಸುವ ನಾನು ವರ್ಷಗಟ್ಟಲೆ ಕೊಂಡದ್ದು ಅದೇ ಡಬ್ಬಿಗಳನ್ನು. ನನ್ನ ತರಗತಿಯ ಕಂಪ್ಯೂಟರುಗಳು ಮಧ್ಯಾಹ್ನವಾದೊಡನೆ ಯಾಕೆ ಮಲಗಿಬಿಡುತ್ತಿದ್ದವು ಎಂದು ಅಂದು ತಿಳಿಯಿತು.

ಮುಂದಿನದು ಗ್ರಾಫಿಕ್ಸ್ ಕಾರ್ಡು. ಒಳ್ಳೆಯದನ್ನೇ ಕೊಳ್ಳಿರಿ ಎಂದು ನಾನು ಒತ್ತಾಯಿಸಿದೆ.

"ಅದರಿಂದ ಏನಾಕ್ಕೈತಿ?"

"ರಸ್ತಾ ಚಂದ ಕಾಣತೈತಿ, ಕಾಕಾ."

"ಸಿಂದಗಿ ರಸ್ತಾ ಯಾವಾಗ ಚಂದ ಇತ್ತು? ನಡುವಿಂದು ಕೊಡ್ರಿ."

ಕೊನೆಗೆ ಉಳಿದ ಹಣದಲ್ಲಿ ಒಂದೋ ಪೆಡಲ್ ಸಮೇತ ಸ್ಟೇರಿಂಗ್ ಬರುತ್ತಿತ್ತು, ಇಲ್ಲವೇ ಇದನ್ನೆಲ್ಲ ಒಳಗಿಟ್ಟು ಮುಚ್ಚುವ ಕ್ಯಾಬಿನೆಟ್ಟು. ಕ್ಯಾಬಿನೆಟ್ಟಿಲ್ಲದೆ ಕಂಪ್ಯೂಟರು ಆಗುತ್ತದೆಯೇ? ಕಾಕಾ ನಕ್ಕರು. "ಫ್ಯಾಕ್ಟರಿಯಿಂದ ಬಾಡಿ ಇಲ್ಲದ ಬರೇ ಚಾಸಿ ಹೊಡಕೊಂಡು ಬಂದೇನಿ ನಾ. ಹಲಗಿ ಮ್ಯಾಲ ಕುಂತು, ತಲಿಗಿ ಟಾವೆಲ್ ಸುತ್ತಿಕೊಂಡು, ಮೂರು ದಿನ. ಬಾಡಿ ಆಮ್ಯಾಲ ಕಟ್ಟಿದ್ರಾತು."

ಅಂತೂ ಕಾಕಾನ ಮನೆಯಲ್ಲಿ ಹಳೆಯ ರೊಟ್ಟಿ ಹಲಗೆಯ ಮೇಲೆ ಮದರ್‌ಬೋರ್ಡು ಕೂತಿತು. ತಂತಿಗಳು ಜೋತಾಡಿದವು. ಫ್ಯಾನು ಬಯಲಲ್ಲೇ ತಿರುಗಿತು. ಅದನ್ನು ಕಂಡ ನನ್ನ ವಿದ್ಯಾರ್ಥಿಯೊಬ್ಬ ಮರುದಿನವೇ ನನ್ನ ತರಗತಿ ಬಿಟ್ಟ.

ಹೊಸ ಗಾಡಿ ಎಂದ ಮೇಲೆ ಪೂಜೆ ಬೇಡವೇ? ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಬೇಕು. "ಇದರಾಗ ಗಾಲಿಯಂಗ ಉಳ್ಳೂದು ಯಾವುದು, ತಮ್ಮಾ?" ಎಂದು ಕಾಕಾ ಕೇಳಿದರು. ನಾನು ಏನೂ ಅನುಮಾನಪಡದೆ, ಮೌಸ್ ಮಗುಚಿ ಅದರ ಹೊಟ್ಟೆಯೊಳಗಿನ ಗುಂಡು ತೋರಿಸಿದೆ. ಊದಿನಕಡ್ಡಿ ಹಚ್ಚಿ ತಿರುಗುವಷ್ಟರಲ್ಲಿ ಕಾಕಾ ಮೌಸನ್ನು ಹೋಳು ಮಾಡಿದ ನಿಂಬೆಹಣ್ಣಿನ ಮೇಲೆ ಒತ್ತಿ ಹಾಯಿಸಿಬಿಟ್ಟಿದ್ದರು! ಅದು ಅಲ್ಲೇ ಪ್ರಾಣ ಬಿಟ್ಟಿತು. ನನ್ನ ತರಗತಿಯಿಂದ ಇನ್ನೊಂದು ತಂದೆ.

ಕಾಕಾನ ಹೆಂಡತಿ ಕಾಕು ಇದನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು, ಹತ್ತಿರ ಬರಲಿಲ್ಲ. ಅದಕ್ಕೂ ಒಂದು ಕಾರಣವಿತ್ತು. ಕಾಕಾ ತಮ್ಮ ಬಸ್ಸಿಗೆ ಹೆಂಡತಿಯನ್ನು ಒಮ್ಮೆಯೂ ಹತ್ತಿಸಿಕೊಂಡವರಲ್ಲ. "ಮನಿಯಾಕಿ ಗಾಡ್ಯಾಗಿದ್ರ ಕಣ್ಣು ಕನ್ನಡಿಗೆ ಹೋಗತೈತಿ, ರಸ್ತಾ ಕಾಣಂಗಿಲ್ಲ" ಎಂಬುದು ಅವರ ಕಾನೂನು. ತವರುಮನೆ ಇಂಗಳೇಶ್ವರಕ್ಕೆ ಹೊರಟ ಕಾಕು, ಇಂಡಿಗೆ ಹೋಗುವ ಗಂಡನ ಬಸ್ಸು ಖಾಲಿ ಹೋಗುವುದನ್ನು ನಿಂತು ನೋಡಿ, ಹಿಂದೆ ಬರುವ ಬಸ್ಸಿಗೆ ನೇತಾಡಿಕೊಂಡು ಹೋಗುತ್ತಿದ್ದರು. ಇಂಥ ಗಂಡಸರು ಬೇರೆಲ್ಲಾದರೂ ಇದ್ದಾರೆಯೇ!

ಆಟ ಶುರುವಾಯಿತು. ಉಳಿದ ಕಾರುಗಳೆಲ್ಲ ಕಣ್ಮರೆಯಾದರೂ ಕಾಕಾ ನಿಂತು ನಿಂತು ಹೋಗುತ್ತಿದ್ದರು. ರಸ್ತೆ ಬದಿಯಲ್ಲಿ ಚಪ್ಪಾಳೆ ತಟ್ಟುವ ಜನ ಕಂಡಲ್ಲೆಲ್ಲ ಬ್ರೇಕು. "ಇಷ್ಟ್ ಮಂದಿ ಕೈ ಮಾಡಾಕತ್ತಾರ, ಹತ್ತಿಸಿಕೊಳ್ಳದ ಹೆಂಗ ಹೋಗೂದು?"

ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಆದರೆ ನೋಡನೋಡುತ್ತ ನಗು ನಿಂತಿತು. ಎಡಕ್ಕಿದ್ದ ಕಂಬಕ್ಕೆ ಗಾಡಿ ತಾಗಿತು. ಎಡಕ್ಕಿದ್ದ ಬೇಲಿಗೂ ತಾಗಿತು. ಮೂರು ದಿನ ಹೀಗೇ ಆಯಿತು. ಮೂರನೆಯ ಸಂಜೆ ಕಾಕಾ ಪೆಡಲಿನಿಂದ ಕಾಲು ತೆಗೆದರು.

"ಡಾಕ್ಟರ್ ಬರದದ್ದು ಖರೇನ ಐತಿ, ತಮ್ಮಾ. ಇದನ್ನ ಬಿಚ್ಚಿ ಒಯ್ಯಿ."

ಕಾಕಾ ಸೋತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆಗ ಕಾಕು ಅಡುಗೆಮನೆಯಿಂದ ಬಂದರು. ಕೈಯಲ್ಲಿ ಊರಿಗೆ ಒಯ್ಯುವ ಚೀಲ. ಸ್ಟೂಲೊಂದನ್ನು ಎಳೆದು ಕಾಕಾನ ಎಡಕ್ಕೆ ಹಾಕಿಕೊಂಡು ಕುಳಿತರು.

"ಎಡಗಡಿ ನಾ ನೋಡ್ತೇನಿ. ನೀವು ಹೊಡೀರಿ."

ಕಾಕಾ ಈಗ ತಮ್ಮ ಕಾನೂನಿನ ಮಾತು ತೆಗೆಯುತ್ತಾರೆಂದು ಕಾದೆ. ತೆಗೆಯಲಿಲ್ಲ. ಕಾಕುವಿನ ಮುಖ ನೋಡಿ, ಪೆಡಲಿನ ಮೇಲೆ ಕಾಲಿಟ್ಟರು.

"ಕಂಬ ಬಂತ್ರಿ… ಹಾಂ, ದಾಟ್ತು. ಇನ್ನ ಬರ್ರಿ, ಬರ್ರಿ."

ಗಾಡಿ ಎಲ್ಲಿಯೂ ತಾಗಲಿಲ್ಲ. ಪರದೆಯ ಮೇಲೆ ಯಾವುದೋ ದೇಶದ ಯಾವುದೋ ಊರು ಬಂತು.

"ಇದ್ಯಾವ ಊರ್ರಿ?"

"ಇಂಗಳೇಶ್ವರ" ಎಂದರು ಕಾಕಾ, ರಸ್ತೆಯಿಂದ ಕಣ್ಣು ತೆಗೆಯದೆ. "ನಿಮ್ಮಪ್ಪನ ಊರು ಬಂತು. ಇಳೀತಿ?"

ಕಾಕು ಚೀಲವನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು.

"ಇಲ್ರಿ" ಎಂದರು. "ಇಂಡಿತನಕ ಬರ್ತೇನಿ."