ಹಿಂಗಾಲು ಹಿಂದಕ್ಕಿಡುವ ಸೈಕಲ್ಲು

ಸೈಕಲ್ ಕೊಳ್ಳುವ ಮೊದಲು ಅದರ ಹಲ್ಲು ಎಣಿಸುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದೇನೆ ಏನು ಬಂತು, ಅವರ ತೊಡೆಯ ಮೇಲೆ ಕೂತು ಕಿವಿ ಚುಚ್ಚಿಸಿಕೊಂಡವಳೇ ನಾನು! ಅವರು ನನ್ನ ಸೋದರಮಾವ.

ಮಾವನಿಗೆ ಅರವತ್ತಮೂರು ವಯಸ್ಸು. ಮಧುಗಿರಿಗೂ ಕೊರಟಗೆರೆಗೂ ನಡುವೆ ಒಂದು ಗುಡ್ಡದ ಬುಡದಲ್ಲಿ ಅವರ ಊರು. ಒಂದು ಕಾಲಕ್ಕೆ ಬರಗೂರಿನಿಂದ ಪಾವಗಡದವರೆಗೆ ಯಾರು ಎತ್ತು ಕೊಳ್ಳಬೇಕೆಂದರೂ ಮೊದಲು ಮಾವನನ್ನು ಕರೆದುಕೊಂಡು ಹೋಗುತ್ತಿದ್ದರು. ಹಲ್ಲು, ಸುಳಿ, ಗೊರಸು, ನಡಿಗೆ ಎಲ್ಲ ನೋಡಿ ಅವರು ‘ಹೂಂ’ ಅಂದರೆ ಮಾತ್ರ ವ್ಯಾಪಾರ. ನನ್ನನ್ನು ನೋಡಲು ಗಂಡು ಬಂದಾಗಲೂ ಅಷ್ಟೇ. ಮಾವ ಅವರ ಸುತ್ತ ಒಂದು ಸುತ್ತು ಬಂದು, “ನಡಿಗೆ ಚೆನ್ನಾಗೈತೆ. ಹಾಯೋ ಸ್ವಭಾವ ಇಲ್ಲ. ಕೊಡಬೌದು” ಎಂದುಬಿಟ್ಟರು! ಇಪ್ಪತ್ತಾರು ವರ್ಷವಾಯಿತು. ನಮ್ಮೆಜಮಾನರು ಒಂದು ದಿನವೂ ಹಾದಿಲ್ಲ. ದೇವರು ದೊಡ್ಡವನು.

ಮಾವನ ಊರಿನ ಗುಡ್ಡದ ಮೇಲೆ ರಂಗಪ್ಪನ ಗುಡಿಯಿದೆ. ಪ್ರತಿ ಶನಿವಾರ ಸಂಜೆ ಅಲ್ಲಿನ ಕಲ್ಲುಗೂಡಿನಲ್ಲಿ ದೀಪ ಹಚ್ಚುವುದು ಮಾವನ ಮನೆಯ ಪಾಳಿ. ಹದಿನಾಲ್ಕನೇ ವಯಸ್ಸಿನಿಂದ ಮಾವ ಒಂದು ಶನಿವಾರವನ್ನೂ ತಪ್ಪಿಸಿದವರಲ್ಲ. ಮದುವೆಯ ದಿನವೂ ಬಾಸಿಂಗ ಬಿಚ್ಚದೆ ಗುಡ್ಡ ಹತ್ತಿದ್ದರಂತೆ. “ಹಸೆಮಣೆ ಮೇಲೆ ನಾನೊಬ್ಳೇ ಕೂತಿದ್ದೆ, ಬಾಡಿಗೆಗೆ ತಂದ ಪಾತ್ರೆ ಥರ” ಎಂದು ಅತ್ತೆ ಇವತ್ತಿಗೂ ಹಲ್ಲು ಕಡಿಯುತ್ತಾರೆ.

ಇಂಥ ಮಾವನಿಗೆ ಮೊಣಕಾಲು ಕೈಕೊಟ್ಟಿತು. ವಿಚಿತ್ರವೆಂದರೆ ಹತ್ತುವಾಗ ನೋವಿಲ್ಲ, ಇಳಿಯುವಾಗ ಪ್ರಾಣ ಹೋಗುತ್ತದೆ. ಡಾಕ್ಟರು ಕಾಲು ಒತ್ತಿ ನೋಡಿ, “ಬೇಕಾದರೆ ಹತ್ತಿ ಯಜಮಾನ್ರೇ, ಇಳೀಬೇಡಿ” ಎಂದರಂತೆ. ಹತ್ತಿದವರು ಇಳಿಯದೆ ಏನು ಮಾಡಬೇಕು? ರಂಗಪ್ಪನ ಪಕ್ಕದಲ್ಲಿ ಇನ್ನೊಂದು ವಿಗ್ರಹವಾಗಿ ನಿಂತುಬಿಡಬೇಕೇ?

ಎರಡು ಮೂರು ಸಲ ಊರಿನವರು ಹೊತ್ತು ಇಳಿಸಿದ ಮೇಲೆ ದಾಯಾದಿಗಳೆಲ್ಲ ಸಭೆ ಸೇರಿದರು. ಅದರಲ್ಲಿ ಪಾವಗಡದ ಕಡೆಗೆ ಹೋಗಿ ನೆಲೆಸಿದ ತಮ್ಮನೊಬ್ಬನ ಬಾಯಿ ಜೋರು, ಮಾತು ಅರ್ಧ ತೆಲುಗು.

“ಅಣ್ಣಾ, ಎಂದುಕು ಈ ಕಷ್ಟ? ನಮ್ ಕಡೆ ಬಿಸಿಲ್ನೇ ಕರೆಂಟ್ ಮಾಡಿ ಊರೂರಿಗೆ ಕಳಿಸ್ತಾರೆ. ಗುಡ್ಡದ ಮ್ಯಾಲೆ ಒಂದು ಸೋಲಾರ್ ಲೈಟ್ ಹಾಕ್ಬುಡಾಣ. ತಾನೇ ಹತ್ಕೊಂತದೆ, ತಾನೇ ಆರ್ತದೆ.”

“ತಾನೇ ಹತ್ಕೊಳ್ಳೋದು ದೀಪ ಅಲ್ಲ ಕಣ್ಲಾ, ಬೀದಿ ಕಂಬ!” ಎಂದರು ಮಾವ.

ಕೊನೆಗೆ ಒಂದು ತೀರ್ಮಾನವಾಯಿತು. ಕಾರ್ತಿಕದ ಮೊದಲ ಶನಿವಾರ ಮಾವ ಯಾರ ಕೈಯನ್ನೂ ಹಿಡಿಯದೆ ಗುಡ್ಡ ಹತ್ತಿ ಇಳಿಯಬೇಕು. ಇಳಿದರೆ ದೀಪ ಅವರದು. ಇಲ್ಲವಾದರೆ ಸೋಲಾರು. ಮಾವ ಅಂದು ಊಟ ಬಿಟ್ಟರು ಎಂದು ಅತ್ತೆ ಫೋನ್ ಮಾಡಿದಾಗ ನನಗೆ ನಿಜಕ್ಕೂ ಭಯವಾಯಿತು. ಏಕೆಂದರೆ ಮಾವ ಊಟ ಬಿಡುವ ಪೈಕಿ ಅಲ್ಲ.

ಅದೇ ವಾರ ಎಲ್ಲಿಂದಲೋ ಬಂದ ಸೈಕಲ್ ಸವಾರರ ಗುಂಪೊಂದು ಆ ಗುಡ್ಡದ ಕುರಿದಾರಿಯಲ್ಲಿ ಇಳಿಯಿತು. ಮಾವ ಬಂಡೆಯ ಮೇಲೆ ಕೂತು ನೋಡಿದರು. ಸಂಜೆ ನನಗೆ ಫೋನು.

“ಲೇ ಮಗಾ, ಒಂದು ಸೈಕಲ್ ನೋಡ್ದೆ. ಹಿಂಗಾಲು ಹಿಂದಕ್ಕಿಡ್ತದೆ ಕಣಮ್ಮ!”

“ಸೈಕಲ್ಲಿಗೆ ಕಾಲು ಯಾವಾಗ ಬಂತು ಮಾವ?”

“ಹಿಂದಿನ ಚಕ್ರ ಕಣಮ್ಮ! ಕಲ್ಲು ತಗುಲ್ತಿದ್ದಂಗೆ ಹಿಂದಕ್ಕೆ ಸರ್ಕೊಂಡು ಮ್ಯಾಕೆದ್ದು ದಾಟ್ಬುಡ್ತು. ಬುದ್ಧಿವಂತ ಎತ್ತು ಇಳಿಜಾರಲ್ಲಿ ಅಂಗೇ ಮಾಡೋದು. ಅದೆಂಥ ಜಾತಿ ಅಂತ ನಿನ್ ಫೋನಲ್ಲಿ ನೋಡು.”

ನಾನೇನು ಬಲ್ಲೆ ಸೈಕಲ್ಲಿನ ಜಾತಿ? ಆದರೂ ಫೋನನ್ನು ಸಾಂಬಾರ ಡಬ್ಬಿಗೆ ಒರಗಿಸಿಟ್ಟು, ಮುದ್ದೆ ತಿರುವುತ್ತಾ ಹುಡುಕಿದೆ. ಸಿಕ್ಕಿತು! ಅದಕ್ಕೆ ಹೈ ಪಿವಟ್ ಅನ್ನುತ್ತಾರಂತೆ. ಹಿಂದಿನ ಚಕ್ರ ಹಿಡಿದಿರುವ ತೋಳು ಬೇರೆ ಸೈಕಲ್ಲುಗಳಲ್ಲಿ ಪೆಡಲಿನ ಹತ್ತಿರ ಕೀಲುಗೊಂಡಿದ್ದರೆ, ಇದರಲ್ಲಿ ಕೀಲು ಒಂದು ಗೇಣು ಮೇಲಿರುತ್ತದೆ. ಹಾಗಾಗಿ ಕಲ್ಲು ಬಡಿದಾಗ ಚಕ್ರ ಅದರ ಜೊತೆ ಜಗಳಕ್ಕೆ ನಿಲ್ಲದೆ ಹಿಂದಕ್ಕೂ ಮೇಲಕ್ಕೂ ಸರಿದು ದಾರಿ ಬಿಡುತ್ತದೆ. ನಮ್ಮ ಮನೆಗಳಲ್ಲಿ ಸೊಸೆಯಂದಿರು ಮಾಡುವುದೂ ಅದನ್ನೇ ಅಲ್ಲವೇ? ಆದರೆ ಚಕ್ರ ಹಿಂದಕ್ಕೆ ಹೋದಾಗ ಚೈನು ಎಳೆಯುತ್ತದೆ. ಪೆಡಲ್ ಕಾಲಿಗೆ ಒದೆಯುತ್ತದೆ. ಅದಕ್ಕೆಂದು ಕೀಲಿನ ಹತ್ತಿರ ಒಂದು ಪುಟ್ಟ ರಾಟೆ ಇಟ್ಟು ಚೈನನ್ನು ಅದರ ಮೇಲಿಂದ ಹಾಯಿಸಿರುತ್ತಾರೆ. ಬಾವಿಯ ರಾಟೆ ಕಂಡವರಿಗೆ ಇದು ಅರ್ಥವಾಗಲು ಎಷ್ಟು ಹೊತ್ತು? ನನಗೆ ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ ಮುದ್ದೆಯೆಲ್ಲ ಗಂಟುಗಂಟಾಯಿತು.

ನಮ್ಮೆಜಮಾನರು ಎರಡು ತುತ್ತು ನುಂಗಿ, “ಇದನ್ನು ದಾಟೋಕೂ ನಿಮ್ಮ ಮಾವನ ಸೈಕಲ್ಲೇ ಬೇಕು” ಎಂದರು. ಹೇಳಿದೆನಲ್ಲ, ಹಾಯುವುದಿಲ್ಲ.

ಕೊರಟಗೆರೆಯ ಹತ್ತಿರ ಒಬ್ಬ ಹೆಣ್ಣುಮಗಳು ತೋಟದಲ್ಲಿ ಸೈಕಲ್ಲುಗಳನ್ನಿಟ್ಟು, ಬಂದವರನ್ನು ಗುಡ್ಡ ಸುತ್ತಿಸುತ್ತಾಳೆ. ಹಳೆಯ ಎರಡು ಸೈಕಲ್ಲು ಮಾರುವುದಿದೆ ಎಂದು ತಿಳಿದು ನಾನೂ ಮಾವನೂ ಬಸ್ಸು ಹತ್ತಿದೆವು. ಒಂದು ಕೆಂಪು, ಕೀಲು ಕೆಳಗಿರುವ ಮಾಮೂಲಿ ಜಾತಿ. ಇನ್ನೊಂದು ಬೂದಿ ಬಣ್ಣದ್ದು, ಹೈ ಪಿವಟ್ಟು. ಮುಂದಿನ ಚಕ್ರ ದೊಡ್ಡದು, ಹಿಂದಿನದು ಒಂದಿಷ್ಟು ಚಿಕ್ಕದು.

ಮಾವ ಎರಡರ ಸುತ್ತಲೂ ಮೂರು ಸುತ್ತು ಬಂದರು. ಕುಕ್ಕರಗಾಲಲ್ಲಿ ಕೂತು ಬೂದಿ ಬಣ್ಣದ್ದರ ಹಿಂದಿನ ಹಲ್ಲುಚಕ್ರದ ಹಲ್ಲು ಎಣಿಸತೊಡಗಿದರು.

“ಐವತ್ತೊಂದು... ಐವತ್ತೆರಡು. ಎತ್ತಿಗೆ ಎಂಟೇ ಹಲ್ಲು ಕಣಮ್ಮ. ಇದು ಹಲ್ಲೆಲ್ಲ ಬಂದು ಸರಿಯಾಗಿ ಬಾಯ್ಗೂಡೈತೆ!”

ಆಮೇಲೆ ಸೀಟಿನ ಮೇಲೆ ಅಂಗೈ ಊರಿ ಅದುಮಿದರು. ಸೈಕಲ್ಲು ಕುಸಿದು ಎದ್ದಿತು. “ಇದ್ಯಾಕ್ ತಾಯಿ ಬೆನ್ನು ಬಗ್ಗಿಸ್ತದೆ? ಭಾರ ಹೊರಾಕೆ ಸೋಮಾರಿನಾ?”

“ಅದು ಸಸ್ಪೆನ್ಷನ್ ಸರ್. ನಿಮ್ಮ ತೂಕ ನೋಡಿ ಗಾಳಿ ತುಂಬಿ ಕೊಡ್ತೀನಿ” ಎಂದಳು ಆ ಹುಡುಗಿ. ಪುಣ್ಯಾತ್ಗಿತ್ತಿ, ನಗಲಿಲ್ಲ.

ನನಗೆ ಮನಸ್ಸೆಲ್ಲ ಕೆಂಪಿನ ಮೇಲೆ. “ಕುಂಕುಮದ ಬಣ್ಣ ಮಾವ. ಶುಭ.”

“ಬಣ್ಣ ನೋಡಿ ಎತ್ತು ತಂದೋನು ಬಣ್ಣನ್ನೇ ನೊಗಕ್ಕೆ ಕಟ್ಬೇಕು. ಸುಮ್ಕಿರು.”

ಮಾವ ದಾರಿಗೆ ಅಡ್ಡಲಾಗಿ ಗುಂಡುಗಲ್ಲುಗಳನ್ನು ಸುರಿದು, ಪಂಚೆ ಎತ್ತಿ ಕಟ್ಟಿ, ಎರಡನ್ನೂ ಇಳಿಜಾರಿನಲ್ಲಿ ಓಡಿಸಿ ನೋಡಿದರು. ಕೆಂಪು ಸೈಕಲ್ಲು ಕಲ್ಲಿಗೆ ತಗುಲಿ, ಮಾವನನ್ನು ಸೀಟಿನಿಂದ ಒಂದು ಗೇಣು ಎಸೆದು, ಅದೃಷ್ಟವಶಾತ್ ಮತ್ತೆ ಸೀಟಿನ ಮೇಲೇ ಹಿಡಿದುಕೊಂಡಿತು. ಬೂದಿ ಬಣ್ಣದ್ದು ಅದೇ ಕಲ್ಲುಗಳ ಮೇಲೆ ಎಮ್ಮೆ ಕೆರೆಗಿಳಿದಂತೆ ಇಳಿಯಿತು.

ಹುಡುಗಿ ಪ್ರಾಮಾಣಿಕಳು. “ಹತ್ತೋದಕ್ಕೆ ಕೆಂಪೇ ವಾಸಿ ಸರ್. ಇದು ಭಾರ. ರಾಟೆ ಗರಗರ ಅನ್ನುತ್ತೆ. ಚೈನು ಉದ್ದ, ಆಗಾಗ ತೊಳೀಬೇಕು.”

“ಹತ್ತಾಕೆ ನಂಗೆ ಕಾಲು ಅವೆ ತಾಯಿ. ಇಳಿಯಾಕೆ ಬೇಕಾಗಿರಾದು” ಎಂದರು ಮಾವ. ಎಷ್ಟೋ ದಿನ ಫೋನಿನಲ್ಲಿ ಕಣ್ಣು ಕೆಡಿಸಿಕೊಂಡು ನಾನು ಓದಿದ ಹೋಲಿಕೆಗಳೆಲ್ಲ ಆ ಒಂದು ಮಾತಿನ ಮುಂದೆ ಮುಗಿದವು!

ಇನ್ನು ಬೆಲೆ. ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಹಾಗಿಲ್ಲ. ಕೈ ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ಹೇಳಬೇಕು. ಮಾವ ಫಟ್ಟನೆ ಹೆಗಲ ಟವೆಲ್ ತೆಗೆದು ಆ ಹುಡುಗಿಯ ಕೈ ಮೇಲೆ ಹಾಸಿಯೇಬಿಟ್ಟರು! ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು. “ಹೆದರಬೇಡಮ್ಮ, ಬೆಲೆ ಕೇಳ್ತಿದ್ದಾರೆ” ಎಂದೆ. ಅವಳು ಏನೆಂದುಕೊಂಡಳೋ, ಮಾವನ ಐದು ಬೆರಳನ್ನೂ ಹಿಡಿದು ಜೋರಾಗಿ ಕುಲುಕಿದಳು. ಮಾವನ ಹುಬ್ಬು ಮೇಲಕ್ಕೆ ಹೋಯಿತು. “ಗಟ್ಟಿಗಿತ್ತಿ!” ಎಂದರು. ಅರ್ಧ ಗಂಟೆ ಟವೆಲ್ ಅಲ್ಲಾಡಿತು. ಕೊನೆಗೆ ಅವಳೇ ಮಾವನ ಎರಡು ಬೆರಳು ಮಡಿಸಿದಳು, ವ್ಯಾಪಾರ ಮುಗಿಯಿತು. ಎಷ್ಟಕ್ಕೆ ಎಂದು ನನ್ನನ್ನು ಕೇಳಬೇಡಿ. ಅತ್ತೆಗೇ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದಿರುವುದೂ ಒಂದು ಪುಣ್ಯವೇ.

ಮೂರು ವಾರ ಮಾವ ಕುರಿದಾರಿಯ ಬುಡದಲ್ಲಿ ಓಡಿಸಿ ಪಳಗಿಸಿದರು. ಸೈಕಲ್ಲನ್ನೋ, ತಮ್ಮನ್ನೋ, ಹೇಳುವುದು ಕಷ್ಟ. ಆ ಶನಿವಾರ ಬಂತು. ಪೂಜೆಯಿಲ್ಲದೆ ಹೊರಡಲು ನಾನು ಬಿಡುತ್ತೇನೆಯೇ? ಹೊಸ ಎತ್ತಿಗೆ ಮಾಡುವ ಹಾಗೆಯೇ ಮಾಡಿದೆ. ಹ್ಯಾಂಡಲ್ಲಿಗೆ ಚೆಂಡುಹೂವು, ಚಕ್ರದಡಿ ನಿಂಬೆಹಣ್ಣು. ಒಂದೊಂದು ಚಕ್ರದ ನಟ್ಟನಡುವೆಯೂ ತೆಳ್ಳಗೆ ಬೆಳ್ಳಿ ತಟ್ಟೆಯ ಹಾಗೆ ಹೊಳೆಯುವುದೊಂದಿತ್ತು. ಎಷ್ಟು ಲಕ್ಷಣವಾಗಿತ್ತೆಂದರೆ, ಹರಳೆಣ್ಣೆಯಲ್ಲಿ ಕುಂಕುಮ ಕಲಸಿ ಎರಡೂ ಮಗ್ಗುಲಿಗೆ ಧಾರಾಳವಾಗಿ ಬಳಿದೆ. ದೇವರ ಕೆಲಸದಲ್ಲಿ ನಾನು ಜಿಪುಣಿಯಲ್ಲ.

ಅದು ಬ್ರೇಕು ಎಂದು ನನಗೆ ಯಾರು ಹೇಳಿದ್ದರು?

ದಾಯಾದಿಗಳೆಲ್ಲ ಬುಡದಲ್ಲಿ ಸೇರಿದ್ದರು. ಮಾವ ಸೈಕಲ್ಲು ತಳ್ಳಿಕೊಂಡು ಮೆಲ್ಲಗೆ ಹತ್ತಿದರು. ಹೊತ್ತು ಮುಳುಗುವ ಹೊತ್ತಿಗೆ ಮೇಲೆ ದೀಪ ಕಂಡಿತು. ಕೈ ಮುಗಿದು ಕಣ್ಣು ಬಿಡುವುದರೊಳಗೆ ಗುಡ್ಡದ ಮೇಲಿಂದ ಒಂದು ಸದ್ದು! ನೂರು ಎತ್ತು ಒಟ್ಟಿಗೆ ಅರಚಿದ ಹಾಗೆ! ಎಣ್ಣೆ ಕುಡಿದ ಬ್ರೇಕು ಹಿಡಿಯುವುದಿಲ್ಲ, ಕಿರುಚುತ್ತದೆ ಮಾತ್ರ ಎಂಬುದು ನನಗೆ ಆಮೇಲೆ ತಿಳಿದದ್ದು. ಮಾವ ಬಂಡೆ ದಾಟಿದರು, ಕೊರಕಲು ದಾಟಿದರು, ಕಲ್ಲುಗುಡ್ಡೆ ದಾಟಿದರು. ಬ್ರೇಕಿಲ್ಲದ ಮನುಷ್ಯನನ್ನು ಸೀಟಿನ ಮೇಲೆ ಉಳಿಸಿದ್ದು ಆ ಹಿಂದಿನ ಚಕ್ರ. ಕಲ್ಲಿಗೊಮ್ಮೆ ಹಿಂದಕ್ಕೆ ಸರಿಯುತ್ತಾ, ಮತ್ತೆ ಮುಂದಕ್ಕೆ ಬರುತ್ತಾ, ಒಮ್ಮೆಯೂ ಅವರನ್ನು ಎಸೆಯಲಿಲ್ಲ. ನಾನು ರಂಗಪ್ಪನನ್ನು ಕೂಗಿದೆ. ಅತ್ತೆ ಮಾವನನ್ನು ಬೈದರು. ದಾಯಾದಿಗಳು ಎರಡು ಹೋಳಾಗಿ ದಾರಿ ಬಿಟ್ಟರು. ಮಾವ ನಡುವೆ ಹಾದು, ಕಣದ ರಾಗಿಹುಲ್ಲಿನ ಬಣವೆಯೊಳಕ್ಕೆ ಸೈಕಲ್ ಸಮೇತ ಹೊಕ್ಕರು.

ಎಲ್ಲರೂ ಬಣವೆಯತ್ತ ಓಡಿದೆವು. ಬಣವೆ ಅಲ್ಲಾಡಿತು. ತಲೆಯ ತುಂಬ ಹುಲ್ಲು ಹೊತ್ತು ಮಾವ ಹೊರಗೆ ಬಂದರು.

“ಯಾರ ಕೈನಾದ್ರೂ ಹಿಡಿದ್ನೇನ್ರಲಾ?”

ಪಾವಗಡದ ತಮ್ಮ ಅಲ್ಲೇ ಕೈ ಮುಗಿದ. “ಲೇದಣ್ಣಾ! ಹಿಡಿತೀನಂದ್ರೂ ನೀನ್ ಯಾರಿಗೂ ಸಿಗ್ತಿರ್ಲಿಲ್ಲ. ದೀಪ ನಿಂದೇ!”

ಆಮೇಲೆ ಕೇಕೆಯೇನು, ಶಿಳ್ಳೆಯೇನು! ಅತ್ತೆ ಕೂಡ ನಕ್ಕರು. ಮದುವೆಯಾದಾಗಿನಿಂದ ದೀಪದ ವಿಷಯಕ್ಕೆ ಅವರು ನಕ್ಕದ್ದು ಅದೇ ಮೊದಲು.

ಜನ ಚದುರಿದ ಮೇಲೆ ಮಾವ ಕಣದ ಕಟ್ಟೆಯ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು. “ಮುಂದಿನ ಶನಿವಾರ ನೀನು ಬಾ. ನೀನೇ ಹಚ್ಚು” ಎಂದರು.

“ನಾನ್ಯಾಕೆ ಮಾವ? ನಾನು ಬೇರೆ ಮನೆಯವಳು. ಪಾಳಿ ನಿಮ್ದು.”

ಮಾವ ತಲೆಯಿಂದ ಒಂದು ಹುಲ್ಲೆಳೆ ಕಿತ್ತು ಎಸೆದರು. “ನಂದಲ್ಲ ಕಣಮ್ಮ. ನಿಮ್ಮಮ್ಮಂದು. ಮದ್ವೆ ಆಗಾಗಂಟ ಅವ್ಳೇ ಹತ್ತಿ ಹಚ್ತಿದ್ದಿದ್ದು. ಗಂಡನ ಮನೆಗೆ ಹೊಂಟ ದಿನ, ‘ನಾನ್ ಬರಾಗಂಟ ನೋಡ್ಕೋ ಕಣ್ಲಾ’ ಅಂದ್ಲು. ಆಮ್ಯಾಲೆ ನೀನ್ ಹುಟ್ದೆ, ಮನೆ, ಹೊಲ, ಕಾಯ್ಲೆ... ಅವ್ಳಿಗೆ ಬರಾಕಾಗ್ಲೇ ಇಲ್ಲ. ನಾನ್ ಬರೀ ಬದಲಿ ಆಳು.”

ಅಮ್ಮ ಹೋಗಿ ಹನ್ನೊಂದು ವರ್ಷ. ಗುಡ್ಡ ಹತ್ತಿದ ಮಾತನ್ನು ಅವಳು ಒಂದು ದಿನವೂ ನನಗೆ ಹೇಳಿರಲಿಲ್ಲ.

ಮುಂದಿನ ಶನಿವಾರ ಹತ್ತಿದೆ. ಬ್ರೇಕು ಸರಿಮಾಡಿಸಿದ ಸೈಕಲ್ಲು ತಳ್ಳಿಕೊಂಡು ಮಾವನೂ ಜೊತೆಯಲ್ಲಿ ಬಂದರು. ಗಾಳಿಗೆ ಕೈ ಅಡ್ಡ ಹಿಡಿದು ಕಲ್ಲುಗೂಡಿನಲ್ಲಿ ಬತ್ತಿ ಹಚ್ಚಿದೆ. ಎರಡು ಕಡ್ಡಿ ಆರಿದವು, ಮೂರನೆಯದು ನಿಂತಿತು. ತಿರುಗಿ ನೋಡಿದರೆ ಮಾವ ದೂರದಲ್ಲಿ, ಗೂಡಿನ ಬೆಳಕು ನನ್ನ ಮುಖದ ಮೇಲೆ ಬೀಳುವುದನ್ನು ನೋಡುತ್ತಾ ನಿಂತಿದ್ದರು.

“ಬಂದ್ಯಾ ಅಕ್ಕ?” ಎಂದರು.

ನಾನು, “ಹೂಂ, ಬಂದೆ ಕಣ್ಲಾ” ಎಂದೆ.