ಮಾವನ ಕಿವಿ ಬಿರಡಿ

ನಾನು ಓದು ನಿಲ್ಲಿಸಿದ್ದು ಎಪ್ಪತ್ತೊಂದನೇ ಇಸವಿಯಲ್ಲಿ, ಏಳನೇ ಕ್ಲಾಸು ಅರ್ಧಕ್ಕೆ. ಅಂದಿನಿಂದ ಕೊಟ್ಟೂರಿನಲ್ಲಿ ಸೈಕಲ್ ರಿಪೇರಿ ಮಾಡಿಕೊಂಡು, ಯಾರ ಮುಂದೆಯೂ ಕೈಯೊಡ್ಡದೆ ಬದುಕಿದ್ದೇನೆ. ವಿಜ್ಞಾನದ ವಿಷಯದಲ್ಲಿ ನನ್ನ ಮಾತನ್ನು ಯಾರೂ ನಂಬಬೇಕಾಗಿಲ್ಲ. ಆದರೂ ಒಂದನ್ನು ಎದೆ ತಟ್ಟಿ ಹೇಳುತ್ತೇನೆ: ರೇಡಿಯೋ ಕಂಪನಿಯವರು ತನ್ನ ಕಿವಿಯ ಅಳತೆ ತೆಗೆದುಕೊಳ್ಳದೆ ಸಾಮಾನು ಮಾಡಿಬಿಟ್ಟರೆಂದು ಸಿಟ್ಟಾದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬನೇ. ಆತ ನನ್ನ ತಾಯಿಯ ತಮ್ಮ. ನನ್ನ ಖಾಸಾ ಸೋದರಮಾವ!

ಮಾವ ಶೇಂಗಾ ಮಿಲ್ಲಿನಲ್ಲಿ ಕಾಯಿ ಒಡೆಯುವ ಯಂತ್ರದ ಪಕ್ಕ ನಿಂತು ಅರ್ಧ ಆಯುಷ್ಯ ಸವೆಸಿದವನು. ಆ ಯಂತ್ರದ ಸದ್ದಿಗೆ ಮಿಲ್ಲಿನ ಗೋಡೆಯೇ ಬಿರುಕು ಬಿಟ್ಟಿತ್ತು. ಮಾವನ ಕಿವಿಯೇನು ಕಲ್ಲಿನದೇ? ಅವನಿಗೆ ಕಿವಿ ಮಂದವಾದದ್ದು ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ಅತ್ತೆ ಉಪ್ಪು ಎಂದರೆ ಸೊಪ್ಪು ತರುತ್ತಿದ್ದ. ತಪ್ಪು ಯಾರದು? ಅತ್ತೆಯ ನಾಲಿಗೆಯದು! "ನನ್ನ ಕಿವಿ ಛಲೋ ಅದಾವು. ಈಗಿನ ಮಂದಿಗೆ ಬಾಯಿ ಬಿಟ್ಟು ಮಾತಾಡಾಕ ಬರಂಗಿಲ್ಲ" ಎನ್ನುತ್ತಿದ್ದ. ಆದರೆ 'ಕಿವುಡ' ಎಂಬ ಮಾತನ್ನು ಯಾರಾದರೂ ಬೀದಿಯ ಆ ತುದಿಯಲ್ಲಿ ಪಿಸುಗುಟ್ಟಿದರೂ ಈ ತುದಿಯಿಂದ ಕೋಲು ಹಿಡಿದು ಹೊರಡುತ್ತಿದ್ದ. ಇದ್ಯಾವ ನಮೂನೆಯ ಕಿವಿಯೋ!

ಇಂಥ ಮಾವ ಹರಪನಹಳ್ಳಿಗೆ ಹೋಗಿ ಒಂದು ಟ್ರಾನ್ಸಿಸ್ಟರ್ ತಂದ. ಡಬ್ಬಿಯಲ್ಲಿ ಒಂದು ತೆಳ್ಳನೆಯ ತಂತಿ, ಅದರ ತುದಿಗೆ ಕಿವಿಯೊಳಗೆ ಇಟ್ಟುಕೊಳ್ಳುವ ಗುಂಡಿಯಂಥ ಒಂದು ಸಾಮಾನು. ಶೀಸೆಯ ಬಾಯಿಗೆ ಬಿರಡಿ ಬಡಿದ ಹಾಗೆ ಕಾಣುತ್ತದೆಂದು ನಮ್ಮ ಓಣಿಯವರು ಅದಕ್ಕೆ 'ಕಿವಿ ಬಿರಡಿ' ಎಂದು ನಾಮಕರಣ ಮಾಡಿದರು. ಪೆಟ್ಟಿಗೆಯಿಂದ ಬರುವ ಧ್ವನಿ ಮಾವನಿಗೆ ಬರೀ ಗೊರಗೊರ. ಬಿರಡಿಯಲ್ಲಿ ಮಾತ್ರ ಅಕ್ಷರ ಅಕ್ಷರ ಸ್ಪಷ್ಟ. ಇದಕ್ಕೂ ಕಾರಣ ಕಿವಿಯಲ್ಲ ಮತ್ತೆ!

"ಪೆಟಿಗ್ಯಾಗಿನ ಮಾತು ಹೊರಗ ಬರೂದ್ರಾಗ ಗಾಳಿಗೆ ಆರಿ ಹೋಗ್ತಾವು. ಬಿರಡ್ಯಾಗಾದ್ರ ಬಿಸಿಬಿಸಿ ಸಿಗ್ತಾವು ನೋಡು" ಎಂದು ನನಗೆ ತಿಳಿಸಿ ಹೇಳಿದ. ಏಳನೇ ಕ್ಲಾಸು ಮುಗಿಸಿದ್ದರೆ ನನಗೂ ಇಂಥ ವಿಚಾರಗಳು ಹೊಳೆಯುತ್ತಿದ್ದವೋ ಏನೋ.

ತೊಂದರೆ ಒಂದೇ. ಮಾವನ ಕಿವಿಯ ತೂತು ದೊಡ್ಡದು, ಬಿರಡಿ ಸಣ್ಣದು. ಇಟ್ಟರೆ ಬೀಳುವುದು, ಒತ್ತಿ ಹಿಡಿದರೆ ಕಿವಿ ನೋಯುವುದು. "ನನ್ನ ಕಿವಿ ಅಳತಿ ತಗಳ್ಳದ ಹೆಂಗ ಮಾಡಿದ್ರು ಇದನ್ನ?" ಎಂದು ಕಂಪನಿಯವರನ್ನು ಬೈದ. ಕಡೆಗೆ ಕುತ್ತಿಗೆಯನ್ನು ಓರೆ ಮಾಡಿಕೊಂಡು ಕೂರುವ ಹೊಸ ಆಸನ ಕಂಡುಹಿಡಿದ. ಎದುರು ಮನೆಯ ಅಜ್ಜಿ ನೋಡಿ, ಪಾಪ, ಕುತ್ತಿಗೆ ಉಳುಕಿದೆಯೆಂದು ಎಣ್ಣೆ ಕಾಯಿಸಿಕೊಂಡು ಬಂದಳು.

ಇಷ್ಟೇ ಆಗಿದ್ದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಬಳ್ಳಾರಿಯಲ್ಲಿ ಟೀಚರ್ ಟ್ರೇನಿಂಗಿಗೆ ಇದ್ದ ಮಾವನ ಒಬ್ಬಳೇ ಮಗಳು ಊರಿಗೆ ಬಂದು ಒಂದು ಸುದ್ದಿ ಹೇಳಿದಳು. ಅವಳು ಹಾಡಿದ ಬೀಸುವ ಪದ ಮುಂದಿನ ಶುಕ್ರವಾರ ಸಂಜೆ ರೇಡಿಯೋದಲ್ಲಿ ಬರುತ್ತದೆ! ಹೊರಡುವಾಗ ಅಪ್ಪನ ಕಿವಿಗೆ ಬಾಯಿಟ್ಟು ಕೂಗಿದಳು: "ಅಪ್ಪಾ, ಊರೆಲ್ಲ ಕೇಳಿದ್ರೂ ನೀ ಕೇಳ್ಲಿಲ್ಲಂದ್ರ ನನಗ ಸಮಾಧಾನಿಲ್ಲ ನೋಡು."

"ನಾ ಕೇಳದ ಇನ್ಯಾರು ಕೇಳ್ಬೇಕಲೇ!" ಎಂದ ಮಾವ. ಆದರೆ ಅವತ್ತು ರಾತ್ರಿ ಅವನಿಗೆ ಊಟ ಸೇರಲಿಲ್ಲ ಎಂದು ಅತ್ತೆ ಹೇಳಿದಳು.

ಮಾರನೆಯ ದಿನದಿಂದ ಪ್ರಯೋಗಗಳು ಶುರುವಾದವು. ಮೊದಲು ಬಿರಡಿಗೆ ಹತ್ತಿ ಸುತ್ತಿದ. ಬಿರಡಿಯೇನೋ ಗಟ್ಟಿಯಾಗಿ ಕೂತಿತು, ಧ್ವನಿಯನ್ನೆಲ್ಲ ಹತ್ತಿಯೇ ಕುಡಿದುಬಿಟ್ಟಿತು. "ಸುದ್ದಿ ಓದಾವ ಯಾಕ ಕಂಬಳಿ ಹೊತ್ಕೊಂಡು ಓದಾಕತ್ತ್ಯಾನ?" ಎಂದು ಮಾವ ಬೇಜಾರು ಮಾಡಿಕೊಂಡ.

ಆಮೇಲೆ ಅತ್ತೆಯ ರೊಟ್ಟಿ ಹಿಟ್ಟು. ಬಿರಡಿಯ ಸುತ್ತ ಮೆತ್ತಿ ಕಿವಿಗೆ ಒತ್ತಿದ. ಆಹಾ, ಎಂಥ ಧ್ವನಿ! ಹಾಗೇ ಕಣ್ಣು ಹತ್ತಿತು. ಕೆಂಪಿರುವೆಗಳಿಗೂ ರೇಡಿಯೋ ಕೇಳುವ ಹಂಬಲ ಇರುತ್ತದೆಂದು ಯಾರಿಗೆ ಗೊತ್ತು? ಸಾಲುಗಟ್ಟಿ ಬಂದವು. ಮಾವ ಅರೆನಿದ್ದೆಯಲ್ಲೇ, "ಸ್ಟೇಷನ್ ಸರಿ ಹಿಡೀಲೇ, ಏನೋ ಗುಜುಗುಜು ಅಂತೈತಿ" ಎಂದು ಅತ್ತೆಗೆ ಹುಕುಂ ಮಾಡಿದ. ಮರುಕ್ಷಣವೇ ಹಾಸಿಗೆಯಿಂದ ಒಂದಾಳು ಎತ್ತರ ಹಾರಿದ.

"ಆ ಹಿಟ್ಟಿನಾಗ ಎರಡು ರೊಟ್ಟಿ ಆಗ್ತಿದ್ವು" ಎಂದಳು ಅತ್ತೆ. ಅವಳ ದುಃಖ ಅವಳಿಗೆ.

ಗುರುವಾರ ಮಾವ ನನ್ನ ಸೈಕಲ್ ಅಂಗಡಿಗೆ ಬಂದ. ಮುಖ ಬಾಡಿತ್ತು. "ಅಳಿಯಾ, ನಾಳಿ ಐತಪ್ಪ ಮಗಳ ಹಾಡು. ಹಂಗಾರ ಮಾಡು, ಹಿಂಗಾರ ಮಾಡು, ಇದನ್ನ ಕುಂದ್ರಂಗ ಮಾಡಿಕೊಡು."

ನಾನೇನು ಕಡಿಮೆಯೇ? ಹಳೆಯ ಟ್ಯೂಬಿನಿಂದ ತೆಳ್ಳನೆಯ ಪಟ್ಟಿ ಕತ್ತರಿಸಿ, ಪಂಕ್ಚರಿಗೆ ಹಚ್ಚುವ ಸಲ್ಯೂಷನ್ ಬಳಿದು ಬಿರಡಿಯ ಕುತ್ತಿಗೆಗೆ ಸುತ್ತಿದೆ. ಆ ಸಲ್ಯೂಷನ್ ಒಣಗುವವರೆಗೆ ಮುಟ್ಟಬಾರದು. ಆದ್ದರಿಂದ ಕೈಗೆ ಕೊಡುವಾಗ ಹೇಳಿದೆ, "ಮಾವ, ಒಣಗಬೇಕು."

"ಹ್ಞೂಂ, ಒಳಗ ಬೇಕು. ಹೊರಗ ಇಟ್ಕೊಂಡ್ರ ಹೆಂಗ ಕೇಳ್ತೈತಿ?" ಎಂದವನೇ ಒಳಗೆ ತುರುಕಿಬಿಟ್ಟ!

"ಅಯ್ಯೋ ಒಣಗಬೇಕು ಮಾವ, ಒಣಗಬೇಕು!"

"ಇನ್ನೂ ಒಳಗೇನು?" ಎಂದು ಹೆಬ್ಬೆರಳಿನಿಂದ ಮತ್ತಷ್ಟು ಒತ್ತಿದ.

ಇನ್ನು ಕೇಳಬೇಕೆ? ಬಿರಡಿ ಗಚ್ಚಿನಲ್ಲಿ ಹುಗಿದ ಹಾಗೆ ನಿಂತಿತು. ತಂತಿ ಜೋತಾಡಿಸಿಕೊಂಡು ಬಜಾರದಲ್ಲಿ ನಡೆದು ದವಾಖಾನೆಗೆ ಹೋದೆವು. ಕಾಂಪೌಂಡರ್ ಬೆಚ್ಚಗಿನ ಎಣ್ಣೆ ಬಿಟ್ಟು, ಬೈದು, ಮತ್ತೆ ಎಣ್ಣೆ ಬಿಟ್ಟು, ಮತ್ತೆ ಬೈದು, ಅಂತೂ ಹೊರಗೆಳೆದ. ನೋಡಿದರೆ ಏನಾಶ್ಚರ್ಯ! ರಬ್ಬರು ಮಾವನ ಕಿವಿಯ ಒಳಸುತ್ತಿನಂತೆಯೇ ಸೊಟ್ಟಗೆ ಗಟ್ಟಿಯಾಗಿತ್ತು. ತೊಳೆದು ಇಟ್ಟರೆ ಬೀಳಲಿಲ್ಲ, ನೋಯಲಿಲ್ಲ, ಒಂದಿಷ್ಟೂ ಧ್ವನಿ ಸೋರಲಿಲ್ಲ.

"ನಾ ಮೊದ್ಲ ಹೇಳಿದ್ನಿಲ್ಲೋ, ಅಳತಿ ತಗಂಡು ಮಾಡ್ಬೇಕಂತ!" ಎಂದು ಮಾವ ನನಗೇ ದಬಾಯಿಸಿದ.

ಶುಕ್ರವಾರ ಸಂಜೆ ಓಣಿಗೆ ಓಣಿಯೇ ಮಾವನ ಮನೆಯಂಗಳದಲ್ಲಿ ಸೇರಿತು. ಎಲ್ಲರೂ ಚಾಪೆ, ಗೋಣಿತಟ್ಟು ತಂದುಕೊಂಡು ಕೂತರು. ನಡುವೆ ಟ್ರಾನ್ಸಿಸ್ಟರ್. ಅದರ ಪಕ್ಕ ಬಿರಡಿ ಬಡಿದುಕೊಂಡು, ಪಟ್ಟಾಭಿಷೇಕಕ್ಕೆ ಕೂತವನಂತೆ ಮಾವ. ಆಗ ಎದುರು ಮನೆಯ ಅಜ್ಜಿ ಕೇಳಿದಳು: "ಪೆಟಿಗಿ ಯಾಕ ಸುಮ್ಕೈತಿ?"

ಆ ಟ್ರಾನ್ಸಿಸ್ಟರಿನ ಹಣೆಬರಹವೇ ಹಾಗೆ. ಬಿರಡಿಯ ತಂತಿ ಚುಚ್ಚಿದರೆ ಪೆಟ್ಟಿಗೆ ಮೂಕ, ತಂತಿ ಕಿತ್ತರೆ ಬಿರಡಿ ಮೂಕ. ಒಂದೋ ಊರು ಕೇಳಬೇಕು, ಇಲ್ಲವೇ ಮಾವ ಕೇಳಬೇಕು. ಇಷ್ಟು ದಿನ ಬಿರಡಿಯ ಗದ್ದಲದಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ!

"ತಂತಿ ಕೀಳೋ, ಎಲ್ಲಾರು ಕೇಳೂಣು" ಎಂದರು ಯಾರೋ. "ನಿನ್ನ ಕಿವಿ ಹೆಂಗೂ ಛಲೋ ಅದಾವಲ್ಲ!" ಎಂದು ಇನ್ನೊಬ್ಬರು ಚುಚ್ಚಿದರು. ನಾನು ತಂತಿಗೆ ಕೈ ಹಾಕಿದೆ. ಮಾವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಸುತ್ತ ಕೂತವರನ್ನು ಒಮ್ಮೆ ನೋಡಿದ.

"ಬ್ಯಾಡೋ" ಎಂದ. "ಇದನ್ನ ಕಿತ್ರ ನನಗ ಕೇಳಂಗಿಲ್ಲ. ನನಗ... ಕಿವಿ ಕೇಳಂಗಿಲ್ಲ."

ಅಂಗಳದಲ್ಲಿ ಯಾರೂ ನಗಲಿಲ್ಲ. ಅತ್ತೆ ಸೆರಗಿನಿಂದ ಬಾಯಿ ಒತ್ತಿಕೊಂಡು, ನನ್ನ ಕೈಯನ್ನು ತಂತಿಯಿಂದ ಬಿಡಿಸಿದಳು. "ಬಿಡಪ್ಪ. ಅವರು ಕೇಳ್ಲಿ. ನಾವು ಅವರ ಮುಖ ನೋಡೂಣು."

ಹಾಡು ಶುರುವಾದದ್ದು ನಮಗೆ ಗೊತ್ತಾದದ್ದೇ ಮಾವನ ಮುಖದಿಂದ. ಹುಬ್ಬು ಏರಿತು, ತುಟಿ ನಡುಗಿತು. ಆಮೇಲೆ ಬಾಯಿ ತೆರೆಯಿತು. ಮಗಳು ಒಂದು ಸಾಲು ಹಾಡಿದರೆ ಅದೇ ಸಾಲನ್ನು ತಾನೂ ಹಾಡತೊಡಗಿದ. ತನ್ನ ಧ್ವನಿ ತನಗೇ ಕೇಳದ್ದರಿಂದ ಮಿಲ್ಲಿನ ಯಂತ್ರದ ಪಕ್ಕ ನಿಂತವನಂತೆ ಕಿರುಚುತ್ತಿದ್ದ. ಅಬ್ಬಾ, ಆ ರಾಗ! ಕೊಟ್ಟಿಗೆಯ ಎಮ್ಮೆ ಗೂಟ ಎಳೆಯಿತು. ಆದರೆ ತವರಿನ ಹಾದಿ, ಬೀಸುವ ಕಲ್ಲಿನ ಗೂಟ, ಹಸೆಯ ಮೇಲಿನ ತಮ್ಮ, ಒಂದು ಮಾತೂ ಬಿಡದೆ ಇಡೀ ಪದ ನಮ್ಮ ಓಣಿಗೆ ಮುಟ್ಟಿತು. ಹೆಂಗಸರು ಕಣ್ಣೊರೆಸಿಕೊಂಡರು.

ಮುಗಿದ ಮೇಲೆ ಮಾವ ಬಿರಡಿ ತೆಗೆದು ಅಂಗೈಯಲ್ಲಿಟ್ಟುಕೊಂಡ.

"ಇಂಥಾ ಪದ ಯಾರು ಕಲ್ಸಿದ್ರು ಆಕಿಗೆ?"

ಅತ್ತೆ ಅವನ ಕಿವಿಗೆ ಬಾಯಿಟ್ಟು ಹೇಳಿದಳು, "ನಾನ ರೀ. ದಿನಾ ನಸುಕಿನ್ಯಾಗ ನಿಮ್ಮ ತಲಿದಿಂಬಿನ ಹತ್ರನ ಕುಂತು ಬೀಸ್ಕೋಂತ ಹಾಡ್ತಿದ್ನಲ್ಲ."

ಮಾವ ಅವಳನ್ನೇ ನೋಡಿದ.

"ನನಗ ಕಲ್ಲಿನ ಸಪ್ಪಳ ಅಷ್ಟ ಕೇಳ್ತಿತ್ತಲೇ" ಎಂದ.

ನನಗೀಗ ಒಂದು ಸೈಕಲ್ ಅಂಗಡಿ, ಬಾಡಿಗೆಗೆ ಬಿಡುವ ಹನ್ನೊಂದು ಸೈಕಲ್ಲು, ಎರಡು ಖೋಲಿಯ ಸ್ವಂತ ಮನೆ, ಹೆಂಡತಿ, ಇಬ್ಬರು ಮಕ್ಕಳು. ಇಂಥ ಮಾವ ಮಾತ್ರ ಒಬ್ಬನೇ.