ನನ್ನ ಸೊಂಟದ ಗಡ್ಡೆಯೂ ನಮ್ಮನೆ ಎಮ್ಮೆಯೂ

ಬೇರೆಯವರು ಆಸ್ಪತ್ರೆಗೆ ಹೋದರೆ ಗುಣವಾಗಿ ಬರುತ್ತಾರೆ, ಅಷ್ಟೇ. ನಾನು ಹೋದರೆ ಊರಿಗೆಲ್ಲ ನಗುವುದಕ್ಕೊಂದು ಕಥೆಯೂ ಬರುತ್ತದೆ. ರಾಜ್ಯ ಒಂದಾದ ಹೊಸತರಲ್ಲಿ ನನ್ನ ಬಲ ಸೊಂಟದ ಕೀಲಿನ ಹತ್ತಿರ ಮೂಳೆಯ ಮೇಲೊಂದು ಗಡ್ಡೆ ಬೆಳೆದು, ಕುಕ್ಕರುಗಾಲಲ್ಲಿ ಕೂರುವುದೇ ನಿಂತುಹೋಯಿತು. ಜಡೆ ಊರಿನ ನಮ್ಮನೆ ಎಮ್ಮೆ ನನ್ನನ್ನು ಬಿಟ್ಟು ಯಾರಿಗೂ ಹಾಲು ಕೊಡದು. ಮತ್ತೆ ಕೂತು ಕರೆದೇ ತೀರುತ್ತೇನೆಂದು ಹಟ ಹಿಡಿದೆ.

ಫೋಟೋ

ಶಿವಮೊಗ್ಗದಲ್ಲಿ ಎಕ್ಸ್‌ರೇ ಫೋಟೋ ತೆಗೆಸಬೇಕೆಂದಾಗ ಅತ್ತೆ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದುಕೊಟ್ಟರು. "ಫೋಟೋದಾಗೆ ನಮ್ಮನೆ ಮರ್ಯಾದೆ ಕಾಣ್ಬೇಕು ಕಣೆ." ಉಟ್ಟುಕೊಂಡೇ ಹೋದೆ. ತಂದ ಫೋಟೋವನ್ನು ಅವರು ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು. "ಸೀರೆ ಹಾಳಾಗ್ಲಿ, ಮೈಮೇಲೆ ಮಾಂಸನೂ ಬಿಟ್ಟಿಲ್ವಲ್ಲೇ! ಇದನ್ನ ಯಾರಿಗೂ ತೋರಿಸ್ಬೇಡ" ಎಂದು ಅಕ್ಕಿ ಮೂಟೆಯ ಹಿಂದೆ ಬಚ್ಚಿಟ್ಟರು. ಡಾಕ್ಟರಿಗೆ ತೋರಿಸಲು ನಾನದನ್ನು ಕದ್ದುಕೊಂಡು ಹೋಗಬೇಕಾಯಿತು.

ಉಳಿ

ಮಿಲಿಟರಿಯಿಂದ ಬಂದು ಶಿಕಾರಿಪುರದಲ್ಲಿ ಸ್ವಂತ ದವಾಖಾನೆ ಇಟ್ಟಿದ್ದ ಡಾಕ್ಟರು ಫೋಟೋ ನೋಡಿ, "ಇದು ಕೆಟ್ಟ ಗಡ್ಡೆ ಅಲ್ಲಮ್ಮ. ಹಾಗೇ ಬಿಟ್ರೂ ಜೀವಕ್ಕೇನೂ ಆಗಲ್ಲ" ಎಂದರು.

"ಜೀವಕ್ಕೇನೂ ಆಗಲ್ಲ ಸರಿ, ಎಮ್ಮೆ ಯಾರ್ ಕರೀತಾರೆ? ತೆಗೀರಿ" ಎಂದೆ.

ಬೆನ್ನಿಗೆ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ನೋವಿಲ್ಲ, ಆದರೆ ಮೂಳೆಯ ಮೇಲೆ ಉಳಿಯ ಟಕ್ ಟಕ್ ಕೇಳುತ್ತಿತ್ತು. ತವರಿನಲ್ಲಿ ನಮ್ಮ ಪಕ್ಕದ ಮನೆಯೇ ಬಡಗಿಯದು, ಸದ್ದಿನಲ್ಲೇ ನನಗೆ ಕೆಲಸ ತಿಳಿಯುತ್ತದೆ. "ಸ್ವಾಮಿ, ಉಳಿ ಮೊಂಡಾಗ್ಯದೆ" ಎಂದೆ. ಪರದೆಯಾಚೆ ಸದ್ದು ನಿಂತಿತು.

"ಸಿಸ್ಟರ್, ಬೇರೆ ಉಳಿ ಕೊಡಿ" ಎಂದರು ಡಾಕ್ಟರು.

ಸೀರೆ

ಮೂರು ತಿಂಗಳು ತವರಿನಲ್ಲಿ ಕೋಲು ಹಿಡಿದು ನಡೆದೆ. ಅಷ್ಟು ದಿನ ಹಾಲು ಹೇಗೆ ಕರೆಯುತ್ತಿದ್ದರೆಂದು ನಮ್ಮ ಯಜಮಾನರು ಬಾಯಿ ಬಿಡಲಿಲ್ಲ. ಹೇಳದೆ ಕೇಳದೆ ಒಂದು ಸಂಜೆ ಜಡೆಗೆ ಬಂದೆ. ಕೊಟ್ಟಿಗೆಯಲ್ಲಿ ನನ್ನ ಹಸಿರು ಸೀರೆ ಉಟ್ಟು, ಮೀಸೆಯ ಮೇಲೆ ಸೆರಗು ಎಳೆದುಕೊಂಡು ಅವರೇ ಕರೆಯುತ್ತಿದ್ದಾರೆ!

"ಮಾತಾಡ್ಬೇಡ. ಅದು ನನ್ನ ನೀನಂತ ತಿಳ್ಕಂಡದೆ" ಎಂದು ಪಿಸುಗುಟ್ಟಿದರು.

ಅವರನ್ನು ಎಬ್ಬಿಸಿ, ಕೋಲು ಎಸೆದು, ಕುಕ್ಕರುಗಾಲಲ್ಲಿ ಕೂತೆ. ಸೊಂಟ ಹಿಡಿಯಲಿಲ್ಲ! ಖುಷಿಗೆ ಕಣ್ಣಲ್ಲಿ ನೀರು ಬಂತು. ಆದರೆ ಆ ಕೃತಘ್ನ ಎಮ್ಮೆ ಪಾತ್ರೆಯನ್ನು ಒದ್ದು ಹಸಿರು ಸೀರೆಯ ಕಡೆಗೇ ತಿರುಗಿತು. ಕೊನೆಗೆ ಅವರು ಸೀರೆಯಲ್ಲೇ ಮುಂದೆ ನಿಂತು ಅದರ ಕತ್ತು ತುರಿಸುವುದು, ನಾನು ಕೂತು ಕರೆಯುವುದು ಎಂದಾಯಿತು.

ಮೂರನೇ ಸಂಜೆ ಆನವಟ್ಟಿಗೆ ಹೊರಟಿದ್ದ ಡಾಕ್ಟರು, ನನ್ನ ಸೊಂಟ ನೋಡಿ ಹೋಗೋಣವೆಂದು ಬಂದರು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಒಂದು ಸೀರೆ ನೋಡಿದರು, ಇನ್ನೊಂದು ಸೀರೆ ನೋಡಿದರು.

"ನಾನು ಗಡ್ಡೆ ತೆಗೆದಿದ್ದು ಯಾರಿಗಮ್ಮ?"

"ಕೂತಿರೋಳಿಗೆ ಸ್ವಾಮಿ!" ಎಂದೆ, ಏಳದೆ.